ಪ್ರಶ್ನೋತ್ತರ: ಪಾಳಿ ಬೇರೆ, ಪತ್ರಿಕೆ ಬೇರೆ, ಪಟ್ಟಿ ಮಾತ್ರ ಒಂದೇ

ಪ್ರವೇಶ ಪರೀಕ್ಷೆಗಳ ಫಲಿತಾಂಶ ಬಂದ ಮೇಲೆ ಈ ಅಂಕಣಕ್ಕೆ ತಲುಪಿದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಗತಿಯನ್ನು ಕುರಿತಾಗಿದ್ದವು. ಬೇರೆ ಬೇರೆ ಪಾಳಿಗಳಲ್ಲಿ ಬೇರೆ ಬೇರೆ ಪ್ರಶ್ನೆಪತ್ರಿಕೆಗಳಿಗೆ ಉತ್ತರ ಬರೆದವರನ್ನು ಒಂದೇ ರ್‍ಯಾಂಕ್ ಪಟ್ಟಿಗೆ ತರುವ ‘ನಾರ್ಮಲೈಸೇಷನ್’ ಎಂಬ ಲೆಕ್ಕಾಚಾರ ಹೇಗೆ ನಡೆಯುತ್ತದೆ, ಅದು ಎಷ್ಟರ ಮಟ್ಟಿಗೆ ನ್ಯಾಯವಾದದ್ದು ಎಂಬುದೇ ಆ ಪತ್ರಗಳ ಸಾರ. ಆದ್ದರಿಂದ ಈ ಸಲದ ಪುಟವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗಳಿಗೆ ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ ಪರೀಕ್ಷೆಯಲ್ಲಿ 300ಕ್ಕೆ 172 ಅಂಕಗಳು ಬಂದಿವೆ. ಬೇರೊಂದು ದಿನ ಪರೀಕ್ಷೆ ಬರೆದ ಅವಳ ಸಹಪಾಠಿಗೆ 165 ಅಂಕಗಳು. ಆದರೂ ಪರ್ಸೆಂಟೈಲ್‌ನಲ್ಲಿ ಅವನೇ ಮುಂದಿದ್ದಾನೆ. ಇದು ಲೆಕ್ಕದ ತಪ್ಪೇ? (ಒಬ್ಬ ತಂದೆ, ದಾವಣಗೆರೆ)

ಉತ್ತರ: ಲೆಕ್ಕದ ತಪ್ಪಲ್ಲ. ರಾಷ್ಟ್ರೀಯ ಪರೀಕ್ಷಾ ಸಂಸ್ಥೆಯು 2019ರಿಂದ ಈ ಪರೀಕ್ಷೆಯನ್ನು ಕಂಪ್ಯೂಟರಿನ ಮೇಲೆ, ಹಲವು ದಿನಗಳಲ್ಲಿ, ದಿನಕ್ಕೆ ಎರಡು ಪಾಳಿಗಳಂತೆ ನಡೆಸುತ್ತಿದ್ದು, ಪ್ರತಿ ಪಾಳಿಗೂ ಬೇರೆಯದೇ ಪ್ರಶ್ನೆಪತ್ರಿಕೆ ಇರುತ್ತದೆ. ಆದ ಕಾರಣ ಒಂದು ಪಾಳಿಯ 172ನ್ನು ಇನ್ನೊಂದು ಪಾಳಿಯ 165ರ ಎದುರಿಗೆ ಇಟ್ಟು ನೋಡುವುದಕ್ಕೆ ಅರ್ಥವಿಲ್ಲ. ಸಂಸ್ಥೆಯು ಕೇಳುವುದು ಒಂದೇ ಪ್ರಶ್ನೆ: ನಿಮ್ಮದೇ ಪಾಳಿಯಲ್ಲಿ, ನೀವು ಬರೆದ ಅದೇ ಪತ್ರಿಕೆಯನ್ನು ಬರೆದವರಲ್ಲಿ, ನಿಮ್ಮಷ್ಟು ಅಥವಾ ನಿಮಗಿಂತ ಕಡಿಮೆ ಅಂಕ ಪಡೆದವರು ನೂರಕ್ಕೆ ಎಷ್ಟು ಮಂದಿ? ಅದೇ ನಿಮ್ಮ ಪರ್ಸೆಂಟೈಲ್.

ಒಂದು ಊಹೆಯ ಲೆಕ್ಕ ಮಾಡೋಣ. ನಿಮ್ಮ ಮಗಳ ಪಾಳಿಯಲ್ಲಿ 1,20,000 ಮಂದಿ ಬರೆದಿದ್ದು, 172 ಅಥವಾ ಅದಕ್ಕಿಂತ ಕಡಿಮೆ ಅಂಕ ಪಡೆದವರು ಆಕೆಯೂ ಸೇರಿ 1,16,400 ಮಂದಿ ಎಂದುಕೊಳ್ಳಿ. ಆಗ ಆಕೆಯ ಪರ್ಸೆಂಟೈಲ್ 97. ಸಹಪಾಠಿಯ ಪಾಳಿಯಲ್ಲಿ 1,25,000 ಮಂದಿ ಬರೆದಿದ್ದು, 165ರವರೆಗೆ ನಿಂತವರು 1,21,875 ಮಂದಿ ಆಗಿದ್ದರೆ ಅವನದು 97.5. ಅವನ ಪಾಳಿಯ ಪತ್ರಿಕೆಯಲ್ಲಿ 165 ತೆಗೆಯುವುದು ನಿಮ್ಮ ಮಗಳ ಪತ್ರಿಕೆಯಲ್ಲಿ 172 ತೆಗೆಯುವುದಕ್ಕಿಂತ ಕಷ್ಟವಾಗಿತ್ತು ಎಂಬ ತೀರ್ಮಾನ ಈ ಎರಡು ಸಂಖ್ಯೆಗಳ ಒಳಗೇ ಅಡಗಿದೆ.

ಇದರ ಜೊತೆಗೆ, ಅನೇಕ ಪಾಲಕರನ್ನು ದಾರಿ ತಪ್ಪಿಸುವ ಒಂದು ಅಂಶವನ್ನೂ ಹೇಳಿಬಿಡುತ್ತೇನೆ. ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತಕ್ಕೆ ಬೇರೆ ಬೇರೆಯಾಗಿ ಕೊಟ್ಟಿರುವ ಪರ್ಸೆಂಟೈಲ್‌ಗಳನ್ನು ಕೂಡಿಸಿ ಮೂರರಿಂದ ಭಾಗಿಸಿದರೆ ಒಟ್ಟು ಪರ್ಸೆಂಟೈಲ್ ಬರುವುದಿಲ್ಲ. ಒಟ್ಟು ಪರ್ಸೆಂಟೈಲನ್ನು ಒಟ್ಟು ಅಂಕಗಳಿಂದಲೇ ಪ್ರತ್ಯೇಕವಾಗಿ ತೆಗೆಯಲಾಗುತ್ತದೆ. ಮೂರೂ ವಿಷಯಗಳಲ್ಲಿ 95ರ ಆಸುಪಾಸಿನಲ್ಲಿದ್ದ ವಿದ್ಯಾರ್ಥಿಗೆ ಒಟ್ಟಿನಲ್ಲಿ 97 ಬರುವುದು ಸಾಮಾನ್ಯ ಸಂಗತಿ. ಏಕೆಂದರೆ ಮೂರರಲ್ಲೂ ಸಮನಾಗಿ ಚೆನ್ನಾಗಿ ಬರೆದವರ ಸಂಖ್ಯೆ ಯಾವಾಗಲೂ ಕಡಿಮೆ.

ಪ್ರಶ್ನೆ: ಈ ಇಡೀ ಲೆಕ್ಕದಲ್ಲಿ ಪ್ರಶ್ನೆಪತ್ರಿಕೆ ಎಷ್ಟು ಕಠಿಣವಾಗಿತ್ತು ಎಂಬುದನ್ನು ಯಾರೂ ಅಳೆಯುವುದೇ ಇಲ್ಲವಲ್ಲ? ವಿಷಯ ತಜ್ಞರನ್ನು ಕೂರಿಸಿ ಪತ್ರಿಕೆಯ ಕಾಠಿಣ್ಯವನ್ನು ನೇರವಾಗಿ ಏಕೆ ನಿರ್ಧರಿಸಬಾರದು? (ಗಣಿತ ಉಪನ್ಯಾಸಕರು, ಧಾರವಾಡ)

ಉತ್ತರ: ತಾವು ವಿಷಯದ ಮರ್ಮವನ್ನೇ ಹಿಡಿದಿದ್ದೀರಿ. ನಾರ್ಮಲೈಸೇಷನ್ ಎಂಬ ಹೆಸರು ಕೇಳಿದವರು ಸಾಮಾನ್ಯವಾಗಿ ಪ್ರಶ್ನೆಗಳನ್ನು ತೂಗಿ ನೋಡುವ ಯಾವುದೋ ವ್ಯವಸ್ಥೆ ಇದೆ ಎಂದು ಭಾವಿಸುತ್ತಾರೆ. ಅಂಥದ್ದು ಇಲ್ಲ. ಪ್ರಶ್ನೆಪತ್ರಿಕೆಯನ್ನು ಈ ಲೆಕ್ಕ ಕಣ್ಣೆತ್ತಿಯೂ ನೋಡುವುದಿಲ್ಲ. ಅದು ನೋಡುವುದು ಪತ್ರಿಕೆಯನ್ನು ಬರೆದ ಜನರನ್ನು ಮಾತ್ರ. ಎರಡು ಪಾಳಿಗಳ ಅಭ್ಯರ್ಥಿಗಳ ಗುಂಪುಗಳು ಒಟ್ಟಾರೆಯಾಗಿ ಸಮಾನ ಸಾಮರ್ಥ್ಯದವು ಎಂದು ಮೊದಲೇ ಒಪ್ಪಿಕೊಂಡು, ಹಾಗಿದ್ದೂ ಒಂದು ಗುಂಪಿನ ಅಂಕಗಳು ಕಡಿಮೆ ಬಂದಿದ್ದರೆ ಆ ಕೊರತೆಯನ್ನೆಲ್ಲ ಪತ್ರಿಕೆಯ ಲೆಕ್ಕಕ್ಕೆ ಬರೆಯುವುದೇ ಇದರ ತರ್ಕ. ಆ ಒಪ್ಪಿಗೆ ನಿಂತರೆ ಲೆಕ್ಕವೂ ನಿಲ್ಲುತ್ತದೆ. ಅದು ಕುಸಿದರೆ ದಶಮಾಂಶದ ಮುಂದೆ ಏಳು ಅಂಕಿ ಬರೆದರೂ ಪ್ರಯೋಜನವಿಲ್ಲ.

ಆದ್ದರಿಂದಲೇ ಅಭ್ಯರ್ಥಿಗಳಿಗೆ ಪಾಳಿಯನ್ನು ಆರಿಸಿಕೊಳ್ಳುವ ಅವಕಾಶ ಇರುವುದಿಲ್ಲ. ಯಾರು ಯಾವ ಪಾಳಿಗೆ ಎಂಬುದನ್ನು ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ಹಂಚಬೇಕು. ಒಂದು ಲಕ್ಷಕ್ಕೂ ಹೆಚ್ಚು ಮಂದಿಯನ್ನು ಹೀಗೆ ಹಂಚಿದಾಗ ಎರಡು ಪಾಳಿಗಳ ಸರಾಸರಿ ಸಾಮರ್ಥ್ಯ ಬಹುಮಟ್ಟಿಗೆ ಒಂದೇ ಆಗಿರುತ್ತದೆ ಎಂಬುದು ಸಂಖ್ಯಾಶಾಸ್ತ್ರದ ಭರವಸೆ. ಆದರೆ ಐದು ಸಾವಿರ ಮಂದಿಯ ಪಾಳಿಗೆ ಆ ಭರವಸೆಯನ್ನು ಅಷ್ಟೇ ಧೈರ್ಯವಾಗಿ ಕೊಡಲು ಬರುವುದಿಲ್ಲ. ಒಂದು ಪ್ರದೇಶದವರನ್ನೆಲ್ಲ ಒಂದೇ ಪಾಳಿಗೆ ಹಾಕಿದರಂತೂ ಭರವಸೆಯ ಮಾತೇ ಇಲ್ಲ.

ತಜ್ಞರಿಂದ ಕಾಠಿಣ್ಯ ನಿರ್ಧರಿಸುವ ತಮ್ಮ ಸಲಹೆಯಲ್ಲಿ ಒಂದು ತೊಡಕಿದೆ. ಯಾವ ಪ್ರಶ್ನೆ ವಿದ್ಯಾರ್ಥಿಗಳಿಗೆ ಕಷ್ಟವಾಗುತ್ತದೆ ಎಂದು ಊಹಿಸುವುದರಲ್ಲಿ ಅನುಭವಿ ಅಧ್ಯಾಪಕರೂ ಎಡವುತ್ತಾರೆ. ತರಗತಿಯ ಕಿರುಪರೀಕ್ಷೆಗೆ ‘ಎಲ್ಲರೂ ಮಾಡಿಬಿಡುತ್ತಾರೆ’ ಎಂದು ಹಾಕಿದ ಲೆಕ್ಕವನ್ನೇ ಅರ್ಧ ತರಗತಿ ಬಿಟ್ಟುಬಂದದ್ದನ್ನು ತಾವೂ ಕಂಡಿರಬಹುದು. ಇನ್ನೊಂದು ದಾರಿ ಇದೆ. ಅಮೆರಿಕದಲ್ಲಿ ಕಾಲೇಜು ಪ್ರವೇಶಕ್ಕೆ ನಡೆಯುವ ಎಸ್‌ಎಟಿಯಂಥ ಪರೀಕ್ಷೆಗಳು ಅಂಕಕ್ಕೆ ಲೆಕ್ಕವಿಲ್ಲದ ಕೆಲವು ಪ್ರಶ್ನೆಗಳನ್ನು ಅಭ್ಯರ್ಥಿಗಳಿಗೆ ತಿಳಿಯದಂತೆ ಪತ್ರಿಕೆಯ ನಡುವೆ ಸೇರಿಸಿ, ಅವುಗಳ ಕಾಠಿಣ್ಯವನ್ನು ಮುಂಚಿತವಾಗಿ ಅಳೆದು, ಮುಂದಿನ ಪತ್ರಿಕೆಗಳಲ್ಲಿ ಬಳಸುತ್ತವೆ. ಎರಡು ಪತ್ರಿಕೆಗಳಲ್ಲಿ ಕೆಲವು ಪ್ರಶ್ನೆಗಳು ಸಮಾನವಾಗಿದ್ದರೆ ಆ ಪ್ರಶ್ನೆಗಳೇ ಎರಡು ಗುಂಪುಗಳ ನಡುವಿನ ಅಳತೆಗೋಲಾಗುತ್ತವೆ. ಆಗ ಗುಂಪುಗಳು ಸಮಾನವೆಂದು ಊಹಿಸಬೇಕಾದ ಅಗತ್ಯವೇ ಬೀಳುವುದಿಲ್ಲ.

ನಮ್ಮಲ್ಲಿ ಇದು ಕಷ್ಟ. ಪರೀಕ್ಷೆ ಮುಗಿದ ಕೆಲವೇ ದಿನಗಳಲ್ಲಿ ಪ್ರಶ್ನೆಪತ್ರಿಕೆ, ಅಭ್ಯರ್ಥಿ ಗುರುತಿಸಿದ ಉತ್ತರಗಳು ಮತ್ತು ಕೀ ಉತ್ತರಗಳು ಪ್ರಕಟವಾಗಬೇಕು, ಆಕ್ಷೇಪಣೆಗೆ ಅವಕಾಶ ಇರಬೇಕು ಎಂಬುದು ಇಲ್ಲಿನ ಅಭ್ಯರ್ಥಿಗಳು ಹೋರಾಡಿ ಪಡೆದುಕೊಂಡಿರುವ ಪದ್ಧತಿ. ಒಮ್ಮೆ ಪ್ರಕಟವಾದ ಪ್ರಶ್ನೆ ಮರುದಿನವೇ ಕೋಚಿಂಗ್ ಕೇಂದ್ರದ ಹಲಗೆಯ ಮೇಲಿರುತ್ತದೆ. ಅದು ಮತ್ತೆ ಅಳತೆಗೋಲಾಗಲಾರದು. ಪಾರದರ್ಶಕತೆಯೂ ಬೇಕು, ಗುಟ್ಟಾಗಿ ಕಾಪಾಡಿದ ಪ್ರಶ್ನೆಗಳಿಂದ ಮಾತ್ರ ಸಾಧ್ಯವಾಗುವ ನಿಖರತೆಯೂ ಬೇಕು ಎಂದರೆ ಎರಡೂ ಒಟ್ಟಿಗೆ ದಕ್ಕುವುದಿಲ್ಲ. ನನ್ನನ್ನು ಕೇಳಿದರೆ ಪಾರದರ್ಶಕತೆಯನ್ನೇ ಆರಿಸಿಕೊಳ್ಳುತ್ತೇನೆ. ಆದರೆ ಅದಕ್ಕೆ ತೆರುವ ಬೆಲೆ ಇದು ಎಂಬುದನ್ನು ಪರೀಕ್ಷೆ ನಡೆಸುವವರು ಅಭ್ಯರ್ಥಿಗಳಿಗೆ ಬಾಯಿಬಿಟ್ಟು ಹೇಳಬೇಕು.

ಪ್ರಶ್ನೆ: 100 ಪರ್ಸೆಂಟೈಲ್ ಹಲವರಿಗೆ ಬರುವುದು ಹೇಗೆ? ಏಳು ದಶಮಾಂಶ ಸ್ಥಾನಗಳವರೆಗೆ ಲೆಕ್ಕ ಹಾಕುವುದು ಏಕೆ? (ದ್ವಿತೀಯ ಪಿಯುಸಿ ವಿದ್ಯಾರ್ಥಿ, ಮಂಗಳೂರು)

ಉತ್ತರ: ಪ್ರತಿ ಪಾಳಿಯ ಮೊದಲಿಗರಿಗೂ 100 ಬರಲೇಬೇಕು. ಏಕೆಂದರೆ ಅವರಷ್ಟು ಅಥವಾ ಅವರಿಗಿಂತ ಕಡಿಮೆ ಪಡೆದವರು ಎಂದರೆ ಆ ಪಾಳಿಯ ಎಲ್ಲರೂ. 2025ರ ಜನವರಿಯಲ್ಲಿ ಜೆಇಇ ಮೇನ್‌ನ ಬಿ.ಇ., ಬಿ.ಟೆಕ್. ಪತ್ರಿಕೆ 10 ಪಾಳಿಗಳಲ್ಲಿ ನಡೆದು, ಸುಮಾರು 12.5 ಲಕ್ಷ ಮಂದಿ ಬರೆದು, 14 ಮಂದಿಗೆ 100 ಬಂತು. ಪಾಳಿಗೆ ಒಬ್ಬರಂತೆ 10 ಮಂದಿ ಖಚಿತ, ಉಳಿದವರು ತಮ್ಮ ಪಾಳಿಯ ಮೊದಲ ಸ್ಥಾನವನ್ನು ಹಂಚಿಕೊಂಡವರು. ಹಾಗೆಂದು ಈ ಹದಿನಾಲ್ವರೂ ಸಮಾನರು ಎಂದು ಅರ್ಥವಲ್ಲ. ಅವರ ನಡುವೆ ಮೇಲು ಕೆಳಗು ಹೇಳುವ ಶಕ್ತಿ ಈ ವಿಧಾನಕ್ಕೆ ಇಲ್ಲ ಎಂದಷ್ಟೇ ಅರ್ಥ.

ಏಳು ದಶಮಾಂಶಗಳನ್ನು ಇಟ್ಟಿರುವುದು ಒಂದೇ ಸಂಖ್ಯೆಯ ಮೇಲೆ ಗುಂಪುಗುಂಪಾಗಿ ಅಭ್ಯರ್ಥಿಗಳು ಬಂದು ನಿಲ್ಲದಿರಲಿ ಎಂದು. ಉದ್ದೇಶ ಸರಿ. ಆದರೆ ಈ ದಶಮಾಂಶಗಳನ್ನು ನಿಖರತೆಯೆಂದು ತಿಳಿಯಬಾರದು. ಒಂದು ಲಕ್ಷ ಮಂದಿಯ ಪಾಳಿಯಲ್ಲಿ ಎರಡನೆಯ ಸ್ಥಾನದವರಿಗೆ 99.999 ಬರುತ್ತದೆ. 1,25,000 ಮಂದಿಯ ಪಾಳಿಯಲ್ಲಿ ಎರಡನೆಯವರಿಗೆ 99.9992. ಇಬ್ಬರೂ ತಮ್ಮ ಪಾಳಿಯಲ್ಲಿ ಎರಡನೆಯವರೇ. ಆದರೂ ದೊಡ್ಡ ಪಾಳಿಯವರು ಪಟ್ಟಿಯಲ್ಲಿ ಮೇಲೆ ಹೋಗುತ್ತಾರೆ. ಇಬ್ಬರ ನಡುವಿನ ಅಂತರವನ್ನು ನಿರ್ಧರಿಸಿದ್ದು ಅವರ ವಿದ್ಯೆಯಲ್ಲ, ಅಂದು ಬೆಳಿಗ್ಗೆ ಎಷ್ಟು ಮಂದಿ ಪರೀಕ್ಷೆಗೆ ಹಾಜರಾದರು ಎಂಬ ಸಂಗತಿ.

ಸ್ವಲ್ಪ ಕೆಳಗಿನ ರ್‍ಯಾಂಕ್‌ಗಳಿಗೆ ಬರೋಣ. ಒಂದು ಲಕ್ಷದ ಪಾಳಿಯಲ್ಲಿ 99 ಪರ್ಸೆಂಟೈಲ್ ಎಂದರೆ ನಿಮ್ಮ ಮೇಲೆ ಸುಮಾರು 1,000 ಮಂದಿ ಇದ್ದಾರೆ. ಹಂಚಿಕೆ ಪೂರ್ತಿ ಯಾದೃಚ್ಛಿಕವಾಗಿದ್ದರೂ, ನಿಮಗಿಂತ ಸಮರ್ಥರಾದವರ ಈ ಸಂಖ್ಯೆ ಪಾಳಿಯಿಂದ ಪಾಳಿಗೆ 30ರಷ್ಟು ಹೆಚ್ಚು ಅಥವಾ ಕಡಿಮೆ ಆಗುವುದು ಸಹಜ. ದ್ವಿಪದ ವಿತರಣೆಯ ಮಾನಕ ವಿಚಲನೆಯನ್ನು ಕಲಿತವರು ಇದನ್ನು ಕೈಯಾರೆ ಲೆಕ್ಕ ಹಾಕಿ ನೋಡಬಹುದು. ಅದು ಪರ್ಸೆಂಟೈಲ್‌ನಲ್ಲಿ ಕೇವಲ 0.03. ಆದರೆ 12.5 ಲಕ್ಷ ಮಂದಿಯ ಪಟ್ಟಿಯಲ್ಲಿ ಅದೇ 0.03 ಎಂದರೆ ಹತ್ತಿರಹತ್ತಿರ 400 ರ್‍ಯಾಂಕ್. ಹಾಗಾಗಿ ಎರಡನೆಯ ದಶಮಾಂಶವೇ ಅಲುಗಾಡುತ್ತಿರುವಾಗ ಏಳನೆಯ ದಶಮಾಂಶಕ್ಕೆ ಕೈಮುಗಿಯುವುದರಲ್ಲಿ ಹುರುಳಿಲ್ಲ.

ಪ್ರಶ್ನೆ: ಎಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ಪರ್ಸೆಂಟೈಲ್ ಬದಲು ಅಂಕಗಳನ್ನೇ ಬದಲಾಯಿಸುತ್ತಾರೆ ಎಂದು ಕೇಳಿದ್ದೇನೆ. ಎರಡರಲ್ಲಿ ಯಾವುದು ಉತ್ತಮ? (ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ಹೌದು, ಒಂದೇ ವಿಷಯದ ಪರೀಕ್ಷೆ ಒಂದಕ್ಕಿಂತ ಹೆಚ್ಚು ಪಾಳಿಗಳಲ್ಲಿ ನಡೆದಾಗ ಗೇಟ್ ಹಾಗೆ ಮಾಡುತ್ತದೆ. ಪ್ರತಿ ಪಾಳಿಯಲ್ಲಿ ಎರಡು ಗುರುತಿನ ಕಂಬಗಳನ್ನು ನೆಡುತ್ತಾರೆ. ಮೇಲಿನ ಕಂಬ ಆ ಪಾಳಿಯ ಅತ್ಯುತ್ತಮ ಶೇ 0.1 ಅಭ್ಯರ್ಥಿಗಳ ಸರಾಸರಿ ಅಂಕ. ಕೆಳಗಿನ ಕಂಬ ಆ ಪಾಳಿಯ ಸರಾಸರಿ ಅಂಕಕ್ಕೆ ಮಾನಕ ವಿಚಲನೆಯನ್ನು (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) ಕೂಡಿಸಿದ ಮೊತ್ತ. ಇದೇ ಎರಡು ಕಂಬಗಳನ್ನು ಎಲ್ಲ ಪಾಳಿಗಳನ್ನೂ ಒಟ್ಟು ಸೇರಿಸಿ ಇನ್ನೊಮ್ಮೆ ಲೆಕ್ಕ ಹಾಕುತ್ತಾರೆ. ಬಳಿಕ ಪಾಳಿಯ ಕಂಬಗಳು ಒಟ್ಟಾರೆ ಕಂಬಗಳ ಮೇಲೆ ಸರಿಯಾಗಿ ಕೂರುವಂತೆ ಅಳತೆಪಟ್ಟಿಯನ್ನು ಹಿಗ್ಗಿಸುತ್ತಾರೆ ಅಥವಾ ಕುಗ್ಗಿಸುತ್ತಾರೆ.

ಕಠಿಣವಾದ ಪಾಳಿಯಲ್ಲಿ ಕೆಳಗಿನ ಕಂಬ 34, ಮೇಲಿನದು 76, ಒಟ್ಟಾರೆ ಕಂಬಗಳು 37 ಮತ್ತು 83 ಎಂದು ಭಾವಿಸಿ. ಈ ಪಾಳಿಯಲ್ಲಿ 55 ಪಡೆದವರು ತಮ್ಮ ಕೆಳಗಿನ ಕಂಬದಿಂದ 21 ಅಂಕ ಮೇಲಿದ್ದಾರೆ. 42 ಅಂಕಗಳ ಅಂತರ 46ಕ್ಕೆ ಹಿಗ್ಗುವುದರಿಂದ ಆ 21 ಎಂಬುದು 23 ಆಗಿ, 37ಕ್ಕೆ ಸೇರಿ, 60 ಅಂಕವಾಗುತ್ತದೆ. ಸುಲಭ ಪಾಳಿಯ ಕಂಬಗಳು 40 ಮತ್ತು 85 ಆಗಿದ್ದರೆ ಅಲ್ಲಿಯ 55 ಅಂಕ 52.33ಕ್ಕೆ ಇಳಿಯುತ್ತದೆ. ಒಂದೇ ಅಂಕ ಪಡೆದ ಇಬ್ಬರ ನಡುವೆ ಸುಮಾರು ಏಳೂವರೆ ಅಂಕಗಳ ಅಂತರ.

ಯಾವುದು ಉತ್ತಮ ಎಂದು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ಗೇಟ್ ವಿಧಾನದಲ್ಲಿ ಅಭ್ಯರ್ಥಿಗಳ ನಡುವಿನ ಅಂಕಗಳ ಅಂತರ ಉಳಿಯುತ್ತದೆ. ಎರಡನೆಯವರಿಗಿಂತ ಹತ್ತು ಅಂಕ ಮುಂದಿದ್ದವರ ಮುನ್ನಡೆ ಪರ್ಸೆಂಟೈಲ್‌ನಲ್ಲಿ ಕರಗಿಹೋದಂತೆ ಇಲ್ಲಿ ಕರಗುವುದಿಲ್ಲ. ಆದರೆ ಎರಡು ಪತ್ರಿಕೆಗಳ ನಡುವಿನ ವ್ಯತ್ಯಾಸ ಕೆಳಗಿನಿಂದ ಮೇಲಿನವರೆಗೆ ಒಂದೇ ನೇರ ಗೆರೆಯಲ್ಲಿ ಇರುತ್ತದೆ ಎಂದು ಅದು ಊಹಿಸುತ್ತದೆ. ಒಂದು ಪತ್ರಿಕೆ ಮಧ್ಯಮ ವಿದ್ಯಾರ್ಥಿಗಳಿಗೆ ಕಷ್ಟವಾಗಿದ್ದು ಮೇಧಾವಿಗಳಿಗೆ ಸುಲಭವಾಗಿದ್ದರೆ ನೇರ ಗೆರೆ ಸಾಲದು. ಪರ್ಸೆಂಟೈಲ್‌ಗೆ ಆ ತೊಂದರೆ ಇಲ್ಲ. ಇಷ್ಟಾಗಿಯೂ ಎರಡೂ ವಿಧಾನಗಳು ಗುಂಪುಗಳು ಸಮಾನ ಎಂಬ ಅದೇ ಅಡಿಗಲ್ಲಿನ ಮೇಲೆ ನಿಂತಿವೆ ಎಂಬುದನ್ನು ಮರೆಯಬಾರದು.

ಪ್ರಶ್ನೆ: ನಮ್ಮ ಸಿಇಟಿಗೆ ಇದೆಲ್ಲ ಅನ್ವಯಿಸುತ್ತದೆಯೇ? (ಒಬ್ಬ ಪಾಲಕರು, ಶಿವಮೊಗ್ಗ)

ಉತ್ತರ: ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿಇಟಿಯ ಒಂದು ವಿಷಯವನ್ನು ರಾಜ್ಯದ ಎಲ್ಲರಿಗೂ ಒಂದೇ ಹೊತ್ತಿನಲ್ಲಿ, ಒಎಂಆರ್ ಹಾಳೆಯ ಮೇಲೆ ನಡೆಸುತ್ತದೆ. ವರ್ಷನ್ ಕೋಡ್ ಬೇರೆಯಾದರೂ ಪ್ರಶ್ನೆಗಳು ಅವೇ, ಕ್ರಮ ಮಾತ್ರ ಬೇರೆ. ಆದ್ದರಿಂದ ಪಾಳಿಗಳ ನಡುವಿನ ಹೊಂದಾಣಿಕೆಯ ಪ್ರಶ್ನೆ ಏಳುವುದಿಲ್ಲ. 2024ರಲ್ಲಿ ಪಠ್ಯಕ್ರಮದ ಹೊರಗಿನ ಪ್ರಶ್ನೆಗಳು ಬಂದು ದೊಡ್ಡ ಗದ್ದಲವಾದಾಗಲೂ ಪ್ರಾಧಿಕಾರವು ನಾಲ್ಕು ವಿಷಯಗಳ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟಿತೇ ಹೊರತು ಸೂತ್ರದ ಮೊರೆ ಹೋಗಲಿಲ್ಲ. ಅದು ಎಲ್ಲರಿಗೂ ಸಮನಾಗಿ ಅನ್ವಯಿಸಿತು ನಿಜ. ಆದರೆ ಆ ಪ್ರಶ್ನೆಗಳ ಮೇಲೆ ಹೆಚ್ಚು ಹೊತ್ತು ಕಳೆದವರ ಸಮಯವನ್ನು ಯಾರೂ ಹಿಂದಿರುಗಿಸಲಿಲ್ಲ.

ಸಿಇಟಿಯಲ್ಲಿ ಕಾಠಿಣ್ಯದ ಪ್ರಶ್ನೆ ಬೇರೆ ಬಾಗಿಲಿನಿಂದ ಒಳಬರುತ್ತದೆ. ಎಂಜಿನಿಯರಿಂಗ್ ರ್‍ಯಾಂಕ್‌ಗೆ ಅರ್ಧ ಭಾಗ ಸಿಇಟಿ ಅಂಕ, ಇನ್ನರ್ಧ ದ್ವಿತೀಯ ಪಿಯುಸಿ ಅಥವಾ ಅದಕ್ಕೆ ಸಮಾನವಾದ ಪರೀಕ್ಷೆಯ ಅಂಕ. ಒಂದು ವರ್ಷದ ಬೋರ್ಡ್ ಪರೀಕ್ಷೆ ಇನ್ನೊಂದು ವರ್ಷದಂತೆ ಇರುವುದಿಲ್ಲ. ಕೋವಿಡ್‌ನಿಂದಾಗಿ 2021ರಲ್ಲಿ ಪಿಯುಸಿ ಪರೀಕ್ಷೆಯೇ ನಡೆಯದೆ ಅಂಕ ಪಡೆದಿದ್ದವರು 2022ರಲ್ಲಿ ಮತ್ತೆ ಸಿಇಟಿ ಬರೆದಾಗ, ಅವರ ಪಿಯುಸಿ ಅಂಕಗಳನ್ನು ಪರಿಗಣಿಸಬೇಕೇ ಬೇಡವೇ ಎಂಬ ವಿವಾದ ಹೈಕೋರ್ಟ್ ಮೆಟ್ಟಿಲೇರಿತು. ಕೊನೆಗೆ ಅವರ ಬೋರ್ಡ್ ಅಂಕಗಳನ್ನು ಒಂದಿಷ್ಟು ತಗ್ಗಿಸಿ ಪರಿಗಣಿಸುವ ಸೂತ್ರದ ಮೇಲೆ ಅದು ಬಗೆಹರಿಯಿತು.

ನೆರೆಯ ಕೇರಳದಲ್ಲಿ ಎಂಜಿನಿಯರಿಂಗ್ ಪ್ರವೇಶಕ್ಕೆ ಬೇರೆ ಬೇರೆ ಬೋರ್ಡ್‌ಗಳ ಅಂಕಗಳನ್ನು ಸರಾಸರಿ ಮತ್ತು ಮಾನಕ ವಿಚಲನೆಯ ಸೂತ್ರದಿಂದ ಹೊಂದಿಸುವ ಪದ್ಧತಿ ಹಲವು ವರ್ಷಗಳಿಂದ ಇತ್ತು. ರಾಜ್ಯ ಪಠ್ಯಕ್ರಮದ ಮಕ್ಕಳಿಗೆ ಅದರಿಂದ ನಷ್ಟವಾಗುತ್ತಿದೆ ಎಂಬ ದೂರಿನ ಮೇಲೆ ಸರ್ಕಾರ 2025ರಲ್ಲಿ ಫಲಿತಾಂಶ ಪ್ರಕಟಿಸುವ ಹೊತ್ತಿಗೆ ನಿಯಮವನ್ನು ಬದಲಿಸಿತು. ಜುಲೈನಲ್ಲಿ ಅಲ್ಲಿಯ ಹೈಕೋರ್ಟ್ ಆ ಬದಲಾವಣೆಯನ್ನು ರದ್ದುಪಡಿಸಿದ್ದರಿಂದ ಹಳೆಯ ಸೂತ್ರದಂತೆಯೇ ಹೊಸ ರ್‍ಯಾಂಕ್ ಪಟ್ಟಿ ಹೊರಡಿಸಬೇಕಾಯಿತು. ಸೂತ್ರ ಯಾವುದೇ ಇರಲಿ, ಅಂಕಗಳು ಕಣ್ಣಿಗೆ ಬಿದ್ದ ಮೇಲೆ ಅದನ್ನು ತಿದ್ದಲು ಹೊರಟರೆ ಯಾರಿಗೆ ಲಾಭ, ಯಾರಿಗೆ ನಷ್ಟ ಎಂಬುದು ಮೊದಲೇ ಗೊತ್ತಿರುತ್ತದೆ. ಆಗ ಅದು ಲೆಕ್ಕವಾಗಿ ಉಳಿಯುವುದಿಲ್ಲ.

ಪ್ರಶ್ನೆ: ವೈದ್ಯಕೀಯ ಸ್ನಾತಕೋತ್ತರ ಪ್ರವೇಶದ ನೀಟ್ ಪಿಜಿ ಪರೀಕ್ಷೆಯನ್ನು ಒಂದೇ ಪಾಳಿಯಲ್ಲಿ ನಡೆಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನಾರ್ಮಲೈಸೇಷನ್ ಕಾನೂನುಬಾಹಿರ ಎಂದಾಯಿತಲ್ಲವೇ? (ಯುವ ವೈದ್ಯರು, ಹುಬ್ಬಳ್ಳಿ)

ಉತ್ತರ: ಹಾಗೆ ಆಗಲಿಲ್ಲ. 2024ರ ಆಗಸ್ಟ್ 11ರಂದು ಈ ಪರೀಕ್ಷೆ ಎರಡು ಪಾಳಿಗಳಲ್ಲಿ ನಡೆದು ಪರ್ಸೆಂಟೈಲ್ ಮೂಲಕ ಪಟ್ಟಿ ತಯಾರಾಗಿತ್ತು. 2025ಕ್ಕೂ ಎರಡು ಪಾಳಿ ಎಂದಾಗ, ಮೇ 30ರಂದು ನ್ಯಾಯಾಲಯವು ಎರಡು ಪ್ರಶ್ನೆಪತ್ರಿಕೆಗಳ ಕಾಠಿಣ್ಯ ಎಂದೂ ಒಂದೇ ಆಗಿರಲಾರದು ಎಂದು ಹೇಳಿ ಒಂದೇ ಪಾಳಿಗೆ ಆದೇಶಿಸಿತು. ಪರೀಕ್ಷೆ ಆಗಸ್ಟ್ 3ಕ್ಕೆ ಮುಂದೂಡಲ್ಪಟ್ಟು ಹಾಗೆಯೇ ನಡೆಯಿತು. ನಾರ್ಮಲೈಸೇಷನ್ ಅನಿವಾರ್ಯ ಸಂದರ್ಭಕ್ಕೆ ಇರಲಿ, ಪ್ರತಿ ವರ್ಷದ ರೂಢಿಯಾಗುವುದು ಬೇಡ ಎಂಬುದು ಆ ಆದೇಶದ ತಾತ್ಪರ್ಯ. ಎರಡು ಲಕ್ಷದಷ್ಟು ಅಭ್ಯರ್ಥಿಗಳಿಗೆ ಒಂದೇ ಹೊತ್ತಿಗೆ ಕಂಪ್ಯೂಟರ್ ಒದಗಿಸುವುದು ಸಾಧ್ಯ. ಹನ್ನೆರಡು ಲಕ್ಷಕ್ಕೆ ಒದಗಿಸುವುದು ಬೇರೆಯೇ ಮಾತು. ಉತ್ತರ ಪ್ರದೇಶದ ಲೋಕಸೇವಾ ಆಯೋಗವೂ 2024ರ ನವೆಂಬರ್‌ನಲ್ಲಿ ಪ್ರಯಾಗರಾಜ್‌ನಲ್ಲಿ ಅಭ್ಯರ್ಥಿಗಳು ಬೀದಿಗಿಳಿದ ಮೇಲೆ ತನ್ನ ಪಿಸಿಎಸ್ (ರಾಜ್ಯ ನಾಗರಿಕ ಸೇವೆ) ಪೂರ್ವಭಾವಿ ಪರೀಕ್ಷೆಯನ್ನು ಒಂದೇ ದಿನಕ್ಕೆ ತಂದಿತು.

ಒಂದೇ ಪಾಳಿಯೂ ಎಲ್ಲ ಗೊಂದಲಕ್ಕೆ ಮದ್ದಲ್ಲ ಎಂಬುದಕ್ಕೆ ವೈದ್ಯಕೀಯ ಪದವಿ ಪ್ರವೇಶದ 2024ರ ನೀಟ್ ಯುಜಿ ಸಾಕ್ಷಿ. ಕೆಲವು ಕೇಂದ್ರಗಳಲ್ಲಿ ಸಮಯ ನಷ್ಟವಾದ 1,563 ಮಂದಿಗೆ, 2018ರ ಕ್ಲ್ಯಾಟ್ (ಕಾನೂನು ಪದವಿ ಪ್ರವೇಶ ಪರೀಕ್ಷೆ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದ ಸೂತ್ರವನ್ನು ಅನುಸರಿಸಿ ಕೃಪಾಂಕ ನೀಡಲಾಯಿತು. ಕಳೆದುಹೋದ ಸಮಯವನ್ನು, ಉಳಿದ ಸಮಯದಲ್ಲಿ ಅಭ್ಯರ್ಥಿ ಉತ್ತರಿಸಿದ ವೇಗಕ್ಕೆ ತಾಳೆ ಹಾಕುವ ಲೆಕ್ಕ ಅದು. ಸರಿ ಉತ್ತರಕ್ಕೆ 4, ತಪ್ಪಿಗೆ 1 ಕಡಿತ ಇರುವ 720 ಅಂಕಗಳ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಿಟ್ಟರೆ 716, ಒಂದು ತಪ್ಪಾದರೆ 715. ಬರಲು ಸಾಧ್ಯವೇ ಇಲ್ಲದ 718, 719 ಫಲಿತಾಂಶದಲ್ಲಿ ಕಾಣಿಸಿಕೊಂಡಾಗಲೇ ಜನರಿಗೆ ಸಂಶಯ ಬಂದದ್ದು. ಕೊನೆಗೆ ಕೃಪಾಂಕ ರದ್ದಾಗಿ ಜೂನ್ 23ರಂದು ಮರುಪರೀಕ್ಷೆ ನಡೆಯಿತು. 1,563 ಮಂದಿಯಲ್ಲಿ ಅದಕ್ಕೆ ಹಾಜರಾದವರು 813. ಹೊಂದಾಣಿಕೆ ಮಾಡಿದ್ದು ತಪ್ಪೋ ಸರಿಯೋ ಎಂಬುದಕ್ಕಿಂತ, ಹಾಗೆ ಮಾಡಿದ್ದನ್ನು ಫಲಿತಾಂಶದ ಜೊತೆಯಲ್ಲೇ ಸ್ಪಷ್ಟವಾಗಿ ಹೇಳದಿದ್ದುದೇ ಹೆಚ್ಚು ಹಾನಿ ಮಾಡಿತು ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಜನವರಿ, ಏಪ್ರಿಲ್ ಎರಡೂ ಬಾರಿ ಜೆಇಇ ಮೇನ್ ಬರೆಯಬೇಕೇ? ಬೆಳಗಿನ ಪಾಳಿ ಸುಲಭ ಎನ್ನುವುದು ನಿಜವೇ? (ವಿದ್ಯಾರ್ಥಿನಿ, ವಿಜಯಪುರ)

ಉತ್ತರ: ಬೆಳಗಿನ ಪಾಳಿಯ ಮಾತಿಗೆ ಆಧಾರವಿಲ್ಲ. ಪತ್ರಿಕೆ ಸುಲಭವಾಗಿದ್ದರೆ ಅದು ನಿಮ್ಮ ಪಕ್ಕದಲ್ಲಿ ಕುಳಿತವರಿಗೂ ಸುಲಭವೇ. ಸುಲಭ ಪತ್ರಿಕೆಯಲ್ಲಿ ಒಂದು ಅಜಾಗರೂಕತೆಯ ತಪ್ಪಿಗೆ ಕಳೆದುಕೊಳ್ಳುವ ರ್‍ಯಾಂಕ್‌ಗಳು ಹೆಚ್ಚು ಎಂಬುದನ್ನು ಮಾತ್ರ ನೆನಪಿಡಿ, ಏಕೆಂದರೆ ಅಲ್ಲಿ ಒಂದೊಂದು ಅಂಕಕ್ಕೂ ಹೆಚ್ಚು ಮಂದಿ ಒತ್ತೊತ್ತಾಗಿ ನಿಂತಿರುತ್ತಾರೆ.

ಎರಡೂ ಬಾರಿ ಬರೆಯುವುದು ಒಳ್ಳೆಯದು. ಎರಡರಲ್ಲಿ ಹೆಚ್ಚಿನ ಪರ್ಸೆಂಟೈಲನ್ನೇ ರ್‍ಯಾಂಕ್‌ಗೆ ಪರಿಗಣಿಸುವುದರಿಂದ ಕಳೆದುಕೊಳ್ಳುವುದು ಶುಲ್ಕ ಮತ್ತು ಒಂದು ದಿನ ಮಾತ್ರ. ಆದರೆ ಜನವರಿಯಲ್ಲಿ ನಿಮ್ಮನ್ನು ಅಳೆಯುವುದು ಜನವರಿಯಲ್ಲಿ ಬರೆದವರ ನಡುವೆ, ಏಪ್ರಿಲ್‌ನಲ್ಲಿ ಏಪ್ರಿಲ್‌ನವರ ನಡುವೆ. ಯಾವ ತಿಂಗಳು ಬರೆಯಬೇಕೆಂಬುದನ್ನು ಅಭ್ಯರ್ಥಿಗಳೇ ಆರಿಸಿಕೊಳ್ಳುವುದರಿಂದ ಈ ಎರಡು ಗುಂಪುಗಳು ಚೀಟಿ ಎತ್ತಿ ಮಾಡಿದವಲ್ಲ. ಬೋರ್ಡ್ ಪರೀಕ್ಷೆಯ ಓದನ್ನು ಮುಗಿಸಿ ಬಂದವರ ಗುಂಪು ಏಪ್ರಿಲ್‌ನಲ್ಲಿ ಹೆಚ್ಚು ಸಿದ್ಧವಾಗಿರುತ್ತದೆ. ನಿಮ್ಮ ಅಂಕ ಜನವರಿಗಿಂತ ಹೆಚ್ಚಾಗಿಯೂ ಪರ್ಸೆಂಟೈಲ್ ಅಲ್ಲೇ ನಿಂತಿದ್ದರೆ, ನೀವು ಓದಿದ್ದು ವ್ಯರ್ಥವಾಯಿತೆಂದು ತಿಳಿಯಬೇಡಿ. ಉಳಿದವರೂ ಓದಿದ್ದಾರೆ.